ಗುರುವಾರ ಸಂಜೆಗೆ ಇನ್ನಿಬ್ಬರು ದೊಡ್ಡವರು



ವಲಸೆ ಬಂದ ಸಮುದಾಯಗಳ ಕುರಿತು ಮಾತನಾಡಬೇಕೆಂದು ನನ್ನನ್ನು ಕರೆದಾಗ ಸಂಘಟಕರು ಬಹುಶಃ ಒಂದು ಸಂಶೋಧನಾ ಪ್ರಬಂಧವನ್ನು ನಿರೀಕ್ಷಿಸಿದ್ದರು. ಕೋಷ್ಟಕಗಳನ್ನು ವಿಶ್ವವಿದ್ಯಾಲಯದಲ್ಲಿಯೇ ಬಿಟ್ಟು ಬಂದಿದ್ದೇನೆ. ನಾನು ಹೇಳಹೊರಟಿರುವುದು ಸಾಲ್ಫರ್ಡಿನ ಒಂದು ಹಳೆಯ ಚರ್ಚ್ ಹಾಲಿನಲ್ಲಿ ಪ್ರತಿ ಗುರುವಾರ ಸಂಜೆ ನಡೆಯುವ ಕೆಲಸದ ಬಗ್ಗೆ. ಎಂಟರಿಂದ ಹತ್ತೂವರೆ ವಯಸ್ಸಿನ ಇಪ್ಪತ್ತನಾಲ್ಕು ಮಕ್ಕಳ ಕಬ್ ಸ್ಕೌಟ್ ತಂಡಕ್ಕೆ ಕೆಲವು ವರ್ಷಗಳಿಂದ ನಾನು ನಾಯಕಿ. ಮಕ್ಕಳು ನನ್ನನ್ನು ಕರೆಯುವುದು ‘ಅಕೇಲಾ’ ಎಂದು. ಜೊತೆಗಾರರು ‘ಬಲೂ’, ‘ಬಘೀರ’. 1916ರಲ್ಲಿ ಬೇಡನ್ ಪೊವೆಲ್ ಕಿರಿಯ ಮಕ್ಕಳಿಗಾಗಿ ಈ ವಿಭಾಗವನ್ನು ರೂಪಿಸಿದಾಗ ಕಿಪ್ಲಿಂಗನ ‘ಜಂಗಲ್ ಬುಕ್’ನಿಂದ ಹೆಸರುಗಳನ್ನು ಎರವಲು ತಂದ. ಮಧ್ಯಪ್ರದೇಶದ ಕಾಡಿನ ತೋಳದ ಹೆಸರು ಲಂಡನ್ನಿನ ಪುಸ್ತಕಗಳ ಮೂಲಕ ಸುತ್ತಿ ಬಂದು ಸಾಲ್ಫರ್ಡಿನಲ್ಲಿ ಒಬ್ಬ ಕನ್ನಡತಿಯ ಹೆಗಲೇರಿದೆ. ಅಕೇಲಾ ಎಂದರೆ ಒಂಟಿ. ಆದರೆ ಇಂದಿನ ನಿಯಮಗಳ ಪ್ರಕಾರ ಅಕೇಲಾ ಒಂಟಿಯಾಗಿ ಮಕ್ಕಳೊಡನೆ ಇರುವಂತೆಯೇ ಇಲ್ಲ.

ನನ್ನ ಮಾತಿನ ತಿರುಳು ಈ ನಿಯಮದಲ್ಲಿಯೇ ಇದೆ. ಕಬ್‌ಗಳನ್ನು ಹೊರಗೆ ಕರೆದೊಯ್ಯುವಾಗ ಎಂಟು ಮಕ್ಕಳಿಗೆ ಒಬ್ಬರಂತೆ ದೊಡ್ಡವರು ಬೇಕು. ಹೊಣೆ ಹೊತ್ತ ನಾಯಕರು ಅದಕ್ಕೆ ಹೊರತು. ಇಪ್ಪತ್ತನಾಲ್ಕು ಮಕ್ಕಳಿದ್ದರೆ ನಾಲ್ವರು. ಆರು ವರ್ಷದಿಂದ ಎಂಟರವರೆಗಿನ ಬೀವರ್‌ಗಳಿಗೆ ಆರಕ್ಕೊಬ್ಬರು. 2021ರಲ್ಲಿ ಆರಂಭವಾದ, ನಾಲ್ಕು ವರ್ಷದ ಪುಟಾಣಿಗಳೂ ಸೇರುವ ಸ್ಕ್ವಿರಲ್ ವಿಭಾಗದಲ್ಲಿ ನಾಲ್ಕಕ್ಕೊಬ್ಬರು. ಈ ದೊಡ್ಡವರಾರಿಗೂ ಸಂಬಳವಿಲ್ಲ. ನಮ್ಮ ತಂಡದ ಕಾಯುವ ಪಟ್ಟಿಯಲ್ಲಿ ಮಕ್ಕಳ ಹೆಸರುಗಳು ಉದ್ದಕ್ಕೆ ನಿಂತಿವೆ. ಹಾಲಿನಲ್ಲಿ ಜಾಗವಿದೆ, ಹಗ್ಗವಿದೆ, ಡೇರೆಗಳಿವೆ. ಇಲ್ಲದಿರುವುದು ಇನ್ನಿಬ್ಬರು ದೊಡ್ಡವರು. ಆ ಪಟ್ಟಿಯಲ್ಲಿ ಕನ್ನಡದ ಹೆಸರುಗಳೂ ಇವೆ ಎಂಬುದನ್ನು ಇಲ್ಲಿ ಹೇಳಲೇಬೇಕು. ಮಗುವಿನ ಹೆಸರನ್ನು ಬರೆಸಿ ಹೋದ ತಂದೆತಾಯಿಗಳು ತಮ್ಮ ಹೆಸರನ್ನು ಬರೆಸಿಲ್ಲ.

ಈ ವೇದಿಕೆಯ ಗೆಳೆಯರು ಮುಂದಿಡುವ ಆಕ್ಷೇಪ ನನಗೆ ಗೊತ್ತು: ಸ್ಕೌಟ್ ಚಳವಳಿ ಸಾಮ್ರಾಜ್ಯದ ಕೂಸಲ್ಲವೇ? ಹೌದು. ಸಾಲ್ಫರ್ಡಿನಲ್ಲಿಯೇ ಅದರ ಜಾಡು ಸಿಗುತ್ತದೆ. ಆರ್ಡ್ಸಲ್ ಬಡಾವಣೆಯ ಸಾಲ್ಫರ್ಡ್ ಲ್ಯಾಡ್ಸ್ ಕ್ಲಬ್ಬಿನ ಮುಂದೆ ‘ದಿ ಸ್ಮಿತ್ಸ್’ ತಂಡದವರಂತೆ ನಿಂತು ಫೋಟೋ ತೆಗೆಸಿಕೊಂಡವರು ಈ ಸಭೆಯಲ್ಲಿಯೂ ಇದ್ದೀರಿ. ಹಡಗುಕಟ್ಟೆಯ ಕೂಲಿಕಾರರ ಮಕ್ಕಳು ಬೀದಿಜಗಳದ ಗುಂಪುಗಳಿಗೆ ಸೇರದಿರಲೆಂದು ಕಟ್ಟಿದ ಆ ಕ್ಲಬ್ಬನ್ನು 1904ರ ಜನವರಿ 30ರಂದು ವಿಧ್ಯುಕ್ತವಾಗಿ ತೆರೆದವನು ಬೋಯರ್ ಯುದ್ಧದ ಖ್ಯಾತಿಯ ಸೇನಾನಿ ಬೇಡನ್ ಪೊವೆಲ್. ಬ್ರೌನ್‌ಸೀ ದ್ವೀಪದಲ್ಲಿ ಆತ ಮೊದಲ ಶಿಬಿರ ನಡೆಸಿದ್ದು ಅದಾದ ಮೂರು ವರ್ಷಗಳ ನಂತರ, 1907ರಲ್ಲಿ. 1909ರ ವೇಳೆಗೆ ಸ್ಕೌಟ್ ದಳ ಬೆಂಗಳೂರಿಗೆ ಬಂದಿತ್ತು. ಭಾರತದ ಮೊದಲ ದಳವನ್ನು ಕ್ಯಾಪ್ಟನ್ ಬೇಕರ್ ಎಂಬಾತ ಕಟ್ಟಿದ್ದು ನಮ್ಮ ಬಿಷಪ್ ಕಾಟನ್ ಶಾಲೆಯಲ್ಲಿ. ಆದರೆ ಅದು ಬಿಳಿಯರ ಹಾಗೂ ಆಂಗ್ಲೋ ಇಂಡಿಯನ್ನರ ಮಕ್ಕಳಿಗೆ ಮಾತ್ರ. ಬೆಂಗಳೂರಿನಲ್ಲಿಯೇ ಹುಟ್ಟಿದ ಕನ್ನಡದ ಹುಡುಗನಿಗೆ ಅಲ್ಲಿ ಎಡೆಯಿರಲಿಲ್ಲ.

ಹೊರಗೆ ನಿಲ್ಲಿಸಲ್ಪಟ್ಟವರು ಏನು ಮಾಡಿದರೆಂಬುದು ನನಗೆ ಹೆಚ್ಚು ಮುಖ್ಯ. ಮದರಾಸಿನಲ್ಲಿ ಆ್ಯನಿ ಬೆಸೆಂಟ್ ಮತ್ತು ಅರುಂಡೇಲ್, ಉತ್ತರದಲ್ಲಿ ಮಾಳವೀಯ, ಹೃದಯನಾಥ ಕುಂಜ್ರು, ಶ್ರೀರಾಮ ಬಾಜಪೇಯಿ ಮೊದಲಾದವರು ಭಾರತೀಯ ಮಕ್ಕಳಿಗಾಗಿ ತಮ್ಮದೇ ದಳಗಳನ್ನು ಕಟ್ಟಿದರು. ಒಡೆದು, ಕೂಡಿ, ಮತ್ತೆ ಒಡೆದು, ಕೊನೆಗೆ 1950ರ ನವೆಂಬರ್ 7ರಂದು ಭಾರತ್ ಸ್ಕೌಟ್ಸ್ ಅಂಡ್ ಗೈಡ್ಸ್ ಆಯಿತು. ನಮ್ಮಲ್ಲಿ ಹಲವರು ಶಾಲೆಯಲ್ಲಿ ಕೊರಳವಸ್ತ್ರ ಕಟ್ಟಿಕೊಂಡು ನಿಂತದ್ದು ಆ ಪರಂಪರೆಯಲ್ಲಿ. 2022ರ ಡಿಸೆಂಬರಿನಲ್ಲಿ ಮೂಡುಬಿದಿರೆಯ ಆಳ್ವಾಸ್ ಆವರಣದಲ್ಲಿ ಅಂತರರಾಷ್ಟ್ರೀಯ ಸಾಂಸ್ಕೃತಿಕ ಜಾಂಬೂರಿ ನಡೆದಾಗ ಅದು ಸಾಮ್ರಾಜ್ಯದ ಕೂಸೆಂದು ಯಾರಿಗೂ ಅನ್ನಿಸಿರಲಾರದು. ಸಂಸ್ಥೆಗಳಿಗೆ ಜನ್ಮಕುಂಡಲಿಯೊಂದೇ ಆಧಾರವಲ್ಲ. ಸಾಕಿದವರು ಯಾರೆಂಬುದೂ ಲೆಕ್ಕಕ್ಕೆ ಬರುತ್ತದೆ. 2020ರಲ್ಲಿ ಪೂಲ್ ಪಟ್ಟಣದ ಬೇಡನ್ ಪೊವೆಲ್ ಪ್ರತಿಮೆಯನ್ನು ತಾತ್ಕಾಲಿಕವಾಗಿ ತೆಗೆಯುವ ಮಾತು ಬಂದಾಗ ಪರ-ವಿರೋಧ ಎರಡೂ ಕಡೆಯವರು ಕೂಗಾಡಿದರು. ಆ ಜಗಳದಿಂದ ಯಾವ ಮಗುವಿಗೂ ಗುರುವಾರ ಸಂಜೆ ಒಬ್ಬ ನಾಯಕ ಸಿಗಲಿಲ್ಲ.

ಇಲ್ಲಿನ ಸಂಸ್ಥೆಯೂ ಬದಲಾಗಿದೆ. ಹುಡುಗಿಯರಿಗೆ ಎಲ್ಲ ವಿಭಾಗಗಳೂ ತೆರೆದಿವೆ. ಪ್ರತಿಜ್ಞೆಯಲ್ಲಿ ದೇವರ ಜಾಗದಲ್ಲಿ ಹಿಂದೂ, ಬೌದ್ಧ ಮಕ್ಕಳು ‘ನನ್ನ ಧರ್ಮ’ ಎನ್ನಬಹುದು, ಮುಸ್ಲಿಂ ಮಕ್ಕಳು ‘ಅಲ್ಲಾಹ್’ ಎನ್ನಬಹುದು. 2014ರಿಂದ ಯಾವ ದೇವರನ್ನೂ ನಂಬದವರಿಗೆ, ಸ್ಕೌಟ್ ಮೌಲ್ಯಗಳನ್ನು ಎತ್ತಿಹಿಡಿಯುವ ಪಾಠವಿದೆ. ನಾಸ್ತಿಕಳಾದ ನಾನು ಹೇಳಿದ್ದು ಅದನ್ನೇ. ಇನ್ನೊಂದು ಪಾಠಾಂತರವಂತೂ ನನ್ನನ್ನು ಬಹುಕಾಲ ಕಾಡಿದೆ: ಈ ದೇಶದ ಪ್ರಜೆಯಲ್ಲದವರು ದೊರೆಯ ಹೆಸರು ಹೇಳಬೇಕಿಲ್ಲ, ‘ನಾನೀಗ ವಾಸಿಸುತ್ತಿರುವ ದೇಶ’ಕ್ಕೆ ಕರ್ತವ್ಯ ಸಲ್ಲಿಸುತ್ತೇನೆಂದರೆ ಸಾಕು. ನಾವು ನಮ್ಮನ್ನು ಕರೆದುಕೊಳ್ಳುವ ಪದವನ್ನು ನೆನೆಯಿರಿ. ಅನಿವಾಸಿ. ವಾಸವಿಲ್ಲದವರು! ಇಪ್ಪತ್ತು ವರ್ಷ ಕೌನ್ಸಿಲ್ ತೆರಿಗೆ ಕಟ್ಟಿ, ಸಾಲ ತೀರಿಸಿದ ಮನೆಯಲ್ಲಿ ಕುಳಿತು ‘ನಾವು ಅನಿವಾಸಿಗಳು’ ಎನ್ನುತ್ತೇವೆ. ಊರಿನ ದೃಷ್ಟಿಯಿಂದ ಆ ಪದ ಸರಿಯಿರಬಹುದು. ಆದರೆ ಪಕ್ಕದ ಬೀದಿಯ ಮಗುವಿನ ದೃಷ್ಟಿಯಿಂದಲೂ ನಾವು ಅನಿವಾಸಿಗಳಾಗಿ ಉಳಿದಿದ್ದೇವೆಯೇ ಎಂಬುದು ನನ್ನ ಪ್ರಶ್ನೆ.

ನಮ್ಮ ಮಕ್ಕಳ ವಾರವನ್ನು ಗಮನಿಸಿ. ಶನಿವಾರ ಭರತನಾಟ್ಯ, ಭಾನುವಾರ ಕನ್ನಡ ಕಲಿ, ನಡುವೆ ಇಲೆವೆನ್ ಪ್ಲಸ್ ಪರೀಕ್ಷೆಯ ಟ್ಯೂಷನ್. ಸಾಲ್ಫರ್ಡಿನಲ್ಲಿ ಗ್ರಾಮರ್ ಶಾಲೆಗಳಿಲ್ಲ. ಆದ್ದರಿಂದ ಹಡಗು ಕಾಲುವೆಯ ಆಚೆಯ ಟ್ರಾಫರ್ಡಿನಲ್ಲಿ ಮನೆ ಹುಡುಕುವವರು ನಮ್ಮಲ್ಲಿ ಕಡಿಮೆಯಿಲ್ಲ. ತಪ್ಪೆನ್ನುವುದಿಲ್ಲ. ಆದರೆ ಅಲ್ಲೆಲ್ಲ ನಮ್ಮ ಮಗು ಭೇಟಿಯಾಗುವುದು ಬಹುಮಟ್ಟಿಗೆ ವೈದ್ಯರ, ಎಂಜಿನಿಯರುಗಳ ಮಕ್ಕಳನ್ನು. ನನ್ನ ಗುರುವಾರದ ತಂಡದಲ್ಲಿ ಆಹಾರ ಬ್ಯಾಂಕಿನ ಚೀಲ ನೆಚ್ಚಿಕೊಂಡ ಮನೆಯ ಮಗುವೂ ಪ್ರಾಧ್ಯಾಪಕರ ಮಗುವೂ ಒಂದೇ ಡೇರೆಯ ಗೂಟ ಹೊಡೆಯಬೇಕು. ಶಿಬಿರದ ಶುಲ್ಕ ಕೊಡಲಾಗದವರ ಪಾಲನ್ನು ತಂಡ ಸದ್ದಿಲ್ಲದೆ ಭರಿಸುತ್ತದೆ. ಯಾರ ಪಾಲೆಂದು ಮಕ್ಕಳಿಗೆ ತಿಳಿಯುವುದಿಲ್ಲ.

ವರ್ಷವಿಡೀ ಏನು ಕೆಲಸ ಎಂದು ಕೇಳುತ್ತೀರಿ. ಸೆಪ್ಟೆಂಬರಿನಲ್ಲಿ ಹೊಸ ಮಕ್ಕಳು. ಚಳಿಗಾಲದಲ್ಲಿ ನಾಲ್ಕು ಗಂಟೆಗೇ ಕತ್ತಲಾಗುವುದರಿಂದ ಹಾಲಿನೊಳಗೆ ಗಂಟು, ನಕ್ಷೆ, ಪ್ರಥಮ ಚಿಕಿತ್ಸೆ. ನವೆಂಬರಿನ ಎರಡನೆಯ ಭಾನುವಾರ ಯುದ್ಧಸ್ಮಾರಕದ ಮೆರವಣಿಗೆ. ಯುದ್ಧವಿರೋಧಿಯಾದ ನನಗೆ ಅದು ಇರಿಸುಮುರಿಸಿನ ದಿನವೇ. ಅದರ ಹಿಂದಿನ ಗುರುವಾರ ನಾನು ಮಕ್ಕಳಿಗೆ 1918ರ ಸೆಪ್ಟೆಂಬರ್ 23ರಂದು ಹೈಫಾ ನಗರದಲ್ಲಿ ಹೋರಾಡಿದ ಮೈಸೂರು ಲ್ಯಾನ್ಸರ್ಸ್ ಅಶ್ವದಳದ ಕಥೆ ಹೇಳುತ್ತೇನೆ, ಬೆಂಗಳೂರಿನ ಜೆ.ಸಿ. ನಗರದ ಸ್ಮಾರಕದ ಚಿತ್ರ ತೋರಿಸುತ್ತೇನೆ. ಯಾರ ಯುದ್ಧಕ್ಕೆ ಯಾರು ಹೋದರು ಎಂದು ಒಂಬತ್ತು ವರ್ಷದ ಹುಡುಗಿಯೊಬ್ಬಳು ಕೇಳಿದಾಗ ನನ್ನ ಪಾಲಿನ ಕೆಲಸವಾಯಿತು. ಮೆರವಣಿಗೆಯಿಂದ ದೂರ ಉಳಿದಿದ್ದರೆ ಆ ಪ್ರಶ್ನೆ ಹುಟ್ಟುತ್ತಿರಲಿಲ್ಲ.

ಏಪ್ರಿಲ್ 23 ಸಂತ ಜಾರ್ಜ್ ದಿನ, ಪ್ರತಿಜ್ಞೆಯನ್ನು ನವೀಕರಿಸುವ ದಿನ. ಮರುದಿನದ ತಾರೀಖು ನನಗೆ ಇನ್ನೂ ಪ್ರಿಯ. 1932ರ ಏಪ್ರಿಲ್ 24ರಂದು ಮ್ಯಾಂಚೆಸ್ಟರ್ ಸೀಮೆಯ ನೂರಾರು ಕಾರ್ಮಿಕರು, ಶ್ರೀಮಂತರ ಬೇಟೆಗೆ ಮೀಸಲಾಗಿದ್ದ ಕಿಂಡರ್ ಸ್ಕೌಟ್ ಬೆಟ್ಟವನ್ನು ಅನುಮತಿಯಿಲ್ಲದೆ ಏರಿದರು. ಮುಂದಾಳು ಬೆನ್ನಿ ರಾಥ್‌ಮನ್, ರೊಮೇನಿಯಾದಿಂದ ವಲಸೆ ಬಂದ ಯಹೂದಿ ಕುಟುಂಬದ ಇಪ್ಪತ್ತರ ಯುವಕ. ಐವರು ಜೈಲಿಗೆ ಹೋದರು. ಸಾಲ್ಫರ್ಡಿನ ಈವನ್ ಮೆಕಾಲ್ ಆ ನಡಿಗೆಯ ಪ್ರಚಾರಕನಾಗಿದ್ದ, ಅದರ ಮೇಲೆ ಹಾಡು ಕಟ್ಟಿದ. ಆ ಬೆಟ್ಟದ ಹೆಸರಿನ ‘ಸ್ಕೌಟ್’ಗೂ ನಮ್ಮ ಸ್ಕೌಟಿಗೂ ನಂಟಿಲ್ಲ, ಅದು ಚಾಚುಬಂಡೆ ಎಂಬರ್ಥದ ಹಳೆಯ ನಾರ್ಸ್ ಪದ. ಮಕ್ಕಳನ್ನು ಅದರ ತಪ್ಪಲಿಗೆ ಕರೆದೊಯ್ದಾಗ ಈ ದಾರಿ ಮೊದಲಿನಿಂದಲೂ ಎಲ್ಲರದಾಗಿರಲಿಲ್ಲ ಎಂದು ಹೇಳುತ್ತೇನೆ. ಸಂಸ್ಥೆಯ ಕೈಪಿಡಿಯಲ್ಲಿ ಅದಿಲ್ಲ, ಹೇಳಬಾರದೆಂದೂ ಇಲ್ಲ.

ಬೇಸಿಗೆಯಲ್ಲಿ ಶಿಬಿರ. ಮಳೆ ಖಚಿತ. ಹಲಾಲ್, ಸಸ್ಯಾಹಾರ, ಕಡಲೆಕಾಯಿ ಒಗ್ಗದವರು ಎಂಬ ಮೂರು ಪಟ್ಟಿಗಳ ನಡುವೆ ಅಡುಗೆಯವರು ಬೆವರುತ್ತಾರೆ. ಕಳೆದ ಬಾರಿ ನಾನು ಕಡಲೆಬೀಜ ಹಾಕದೆ ಚಿತ್ರಾನ್ನ ಮಾಡಿದೆ. ಅದು ಚಿತ್ರಾನ್ನವೇ ಅಲ್ಲವೆಂದು ನನ್ನ ತಾಯಿ ಫೋನಿನಲ್ಲಿ ತೀರ್ಪು ಕೊಟ್ಟರು. ಪಾತ್ರೆಯಂತೂ ಖಾಲಿಯಾಯಿತು.

ಸೇರಲು ಗಂಟು ಹಾಕಲು ಬರಬೇಕಿಲ್ಲ, ಮಕ್ಕಳೇ ಕಲಿಸುತ್ತಾರೆ. ಹದಿನೆಂಟು ದಾಟಿರಬೇಕು. ಡಿಬಿಎಸ್ ತಪಾಸಣೆ ಆಗಬೇಕು, ಸ್ವಯಂಸೇವಕರಿಗೆ ಅದು ಉಚಿತ. ಮಕ್ಕಳ ಸುರಕ್ಷತೆಯ ತರಬೇತಿ ಮುಗಿಸಬೇಕು. ಪ್ರತಿ ವಾರ ಬರಲಾಗದವರು ಸರದಿಯಲ್ಲಿ ಬರಬಹುದು. ಲೆಕ್ಕ ಬಲ್ಲವರಿಗೆ ಖಜಾಂಚಿಯ ಕುರ್ಚಿ ಖಾಲಿಯಿದೆ. ನಿವೃತ್ತರಾದ ಹಿರಿಯರಿಗೆ ವಿಶೇಷ ಸ್ವಾಗತ, ಏಕೆಂದರೆ ನಮ್ಮ ಮಕ್ಕಳಲ್ಲಿ ಹಲವರಿಗೆ ಅಜ್ಜ ಅಜ್ಜಿಯರು ಇಲ್ಲಿಲ್ಲ, ಬಿಳಿಯರ ಮಕ್ಕಳಲ್ಲಿಯೂ ಕೆಲವರಿಗೆ ಇಲ್ಲ.

ಚಹಾ ಇಟ್ಟಿರುವ ಮೇಜಿನ ತುದಿಯಲ್ಲಿ ಒಂದು ಹಾಳೆ, ಒಂದು ಪೆನ್ನು ಇವೆ. ಈ ಬಾರಿ ಮಕ್ಕಳ ಹೆಸರಿಗೆ ಅದರಲ್ಲಿ ಅಂಕಣ ಇಟ್ಟಿಲ್ಲ.