ಕಾರಿನಡಿಯ ತುಕ್ಕು, ಬಾವಿಯ ನೀರು



ಕೊಳೆರೋಗವನ್ನೋ ಮಣ್ಣಿನ ಸವಕಳಿಯನ್ನೋ ಕುರಿತು ಮಾತನಾಡಬೇಕಾದ ಕೃಷಿ ವಿಜ್ಞಾನಿ ಹಳೆಯ ಕಾರಿನ ಪೆಟ್ರೋಲ್ ಪೈಪಿನ ವಿಚಾರವನ್ನು ಎತ್ತಿಕೊಂಡದ್ದು ತಮಗೆ ವಿಚಿತ್ರವೆನಿಸಬಹುದು. ಕಳೆದ ಮಳೆಗಾಲದ ಒಂದು ಮುಂಜಾನೆ ನಮ್ಮ ಅಂಗಳದಿಂದ ತೋಟಕ್ಕಿಳಿಯುವ ಬಸಿಗಾಲುವೆಯ ನೀರಿನ ಮೇಲೆ ಕಾಮನಬಿಲ್ಲಿನ ಬಣ್ಣದ ಪೊರೆಯೊಂದು ತೇಲುತ್ತಿತ್ತು. ಆ ಕಾಲುವೆಯ ಪಕ್ಕದಲ್ಲೇ ನಾವು ಕುಡಿಯುವ ನೀರಿನ ಬಾವಿಯಿದೆ. ಜಾಡು ಹಿಡಿದು ಹೋದಾಗ ಸಿಕ್ಕಿದ್ದು ನನ್ನದೇ ಹಳೆಯ ಕಾರು.

ಕಾರಿನಡಿಗೆ ಇಳಿದ ಮೆಕ್ಯಾನಿಕ್ ಕ್ಲಿಪ್ಪಿನ ಬಳಿ ಉಬ್ಬಿದ್ದ ತುಕ್ಕನ್ನು ಬೆರಳಿನಿಂದ ಮುಟ್ಟುತ್ತಲೇ ಪೈಪು ಪುಡಿಯಾಯಿತು. ಹತ್ತು ಸೆಕೆಂಡಿಗೊಂದು ಹನಿ ಸೋರಿದರೂ ದಿನಕ್ಕೆ ನೂರು ಮಿಲಿಲೀಟರಿಗೂ ಹೆಚ್ಚು ಪೆಟ್ರೋಲ್ ಮಣ್ಣು ಸೇರುತ್ತದೆ. ಅದರಲ್ಲಿ ಬಹುಪಾಲು ಆವಿಯಾಗುವುದು ನಿಜ. ಆದರೆ ಅದರಲ್ಲಿರುವ ಬೆನ್ಜೀನ್ ನೀರಿನಲ್ಲಿ ಕರಗಬಲ್ಲದು, ಅದು ಕ್ಯಾನ್ಸರ್‌ಕಾರಕ.

ಈ ತುಕ್ಕಿಗೆ ಮಳೆಯೊಂದೇ ಕಾರಣವಲ್ಲ. ಬೋರ್ಡೋ ದ್ರಾವಣ ಹದವಾಗಿದೆಯೇ ಎಂದು ತಿಳಿಯಲು ನಾವು ಅದರಲ್ಲಿ ಕತ್ತಿಯ ಅಲಗನ್ನು ಅದ್ದಿ ನೋಡುತ್ತೇವೆ. ಅಲಗಿನ ಮೇಲೆ ಕೆಂಪು ಬಣ್ಣ ಕುಳಿತರೆ ಸುಣ್ಣ ಸಾಲದು ಎಂದರ್ಥ. ಅಲ್ಲಿ ತಾಮ್ರ ಬಂದು ಕೂರುತ್ತದೆ, ಕಬ್ಬಿಣ ಕರಗಿ ಹೋಗುತ್ತದೆ. ಡಿಕ್ಕಿಯಲ್ಲಿ ಮೈಲುತುತ್ತದ ಚೀಲವನ್ನು ಸಾಗಿಸಿ, ಚೆಲ್ಲಿದ್ದನ್ನು ತೊಳೆಯದೆ ಬಿಟ್ಟಾಗ ತಳದ ರಂಧ್ರಗಳಿಂದ ಸೋರುವ ನೀರು ಉಕ್ಕಿನ ಪೈಪಿನ ಮೇಲೆ ಇದೇ ಪರೀಕ್ಷೆಯನ್ನು ನಡೆಸುತ್ತಿರುತ್ತದೆ. ಪೊಟ್ಯಾಷ್ ಗೊಬ್ಬರದ ಕ್ಲೋರೈಡು ಕೂಡ ತುಕ್ಕನ್ನು ತೀವ್ರಗೊಳಿಸುತ್ತದೆ. ಕ್ಲಿಪ್ಪಿನ ಸಂದಿಯಲ್ಲಿ ಕುಳಿತ ಕೆಸರು ಈ ಉಪ್ಪನ್ನೂ ತೇವವನ್ನೂ ತಿಂಗಳುಗಟ್ಟಲೆ ಹಿಡಿದಿಡುತ್ತದೆ. ಚೀಲಗಳನ್ನು ಹೊತ್ತು ತಂದವನು ನಾನೇ, ತಪ್ಪು ಕಾರಿನದಲ್ಲ.

ದುರಸ್ತಿಯಲ್ಲಿ ನಾವು ತೋರುವ ಉಳಿತಾಯ ಅಪಾಯಕಾರಿ. ಸೋಪು ಮೆತ್ತುವುದು, ನೀರಾವರಿ ಪೈಪಿನ ತುಂಡನ್ನು ಸಿಕ್ಕಿಸುವುದು ಸಲ್ಲದು. ಪೆಟ್ರೋಲ್ ತಗುಲಿದ ಪಿವಿಸಿ ಕ್ರಮೇಣ ಗಡುಸಾಗಿ ಬಿರಿಯುತ್ತದೆ. ಬರಿಯ ತಾಮ್ರದ ಪೈಪು ಗಾಡಿಯ ಅದುರಾಟಕ್ಕೆ ಸೀಳುತ್ತದೆ. ಇಂಜೆಕ್ಷನ್ ಇಂಜಿನ್ನುಗಳಲ್ಲಿ ಇಂಧನದ ಒತ್ತಡ ಸಾಮಾನ್ಯವಾಗಿ 3 ಬಾರ್‌ನಷ್ಟು, ಅಂದರೆ ಕಾರಿನ ಟಯರಿನ ಗಾಳಿಗಿಂತಲೂ ಹೆಚ್ಚು. ಆದ್ದರಿಂದ ಟ್ಯಾಂಕಿನಿಂದ ಇಂಜಿನ್ನಿನವರೆಗಿನ ಉಕ್ಕಿನ ಪೈಪನ್ನೂ ಅದರ ಜೊತೆಗೇ ಸಾಗುವ ರಿಟರ್ನ್ ಪೈಪನ್ನೂ ಪೂರ್ತಿಯಾಗಿ ಬದಲಿಸುವುದೇ ಲೇಸು. ಹಳೆಯ ಪೈಪನ್ನು ಮುರಿಯದೆ ತೆಗೆದರೆ ಹೊಸದನ್ನು ಬಗ್ಗಿಸಲು ಅದೇ ಅಚ್ಚಾಗುತ್ತದೆ. ಕೀಲುಗಳಲ್ಲಿರುವ ರಬ್ಬರ್ ಪೈಪುಗಳನ್ನೂ ಬದಲಿಸಬೇಕು. ಈಗಿನ ಪೆಟ್ರೋಲಿನಲ್ಲಿ ಶೇಕಡ 20ರವರೆಗೆ ಎಥೆನಾಲ್ ಇರುವುದರಿಂದ, ಅದನ್ನು ತಾಳುವ, ಇಂಜೆಕ್ಷನ್ ಒತ್ತಡಕ್ಕೆಂದೇ ತಯಾರಾದ ರಬ್ಬರ್ ಪೈಪು ಬೇಕು. ಹೊಸ ಪೈಪು ಸೈಲೆನ್ಸರಿನಿಂದ ದೂರವಿರಬೇಕು, ಮೊದಲಿದ್ದ ಪ್ರತಿಯೊಂದು ಜಾಗದಲ್ಲೂ ಕ್ಲಿಪ್ಪು ಇರಬೇಕು.

ಇದು ಅನುಭವಿ ಮೆಕ್ಯಾನಿಕ್ಕಿನ ಕೆಲಸ. ಆದರೂ ನೀವು ಎದುರಿಗಿದ್ದು ಕೆಲವನ್ನು ಗಮನಿಸಿರಿ. ಪಂಪಿನ ಫ್ಯೂಸು ತೆಗೆದು, ಇಂಜಿನ್ ತಾನಾಗಿ ನಿಲ್ಲುವವರೆಗೆ ಓಡಿಸಿ ಒತ್ತಡ ಇಳಿಸಿರಲಿ. ಬಳಿಕ ಬ್ಯಾಟರಿಯ ಸಂಪರ್ಕ ಕಳಚಿರಲಿ. ಕಾರು ಜ್ಯಾಕಿನ ಮೇಲಷ್ಟೇ ನಿಂತಿರದೆ ಭದ್ರವಾದ ಸ್ಟ್ಯಾಂಡಿನ ಮೇಲಿರಲಿ. ಪೆಟ್ರೋಲಿನ ಆವಿ ಗಾಳಿಗಿಂತ ಭಾರ, ತಗ್ಗಿನಲ್ಲಿ ನಿಲ್ಲುತ್ತದೆ. ಆದ್ದರಿಂದ ಕೆಲಸ ಬಯಲಿನಲ್ಲಿ ನಡೆಯಲಿ; ಬೀಡಿಯಾಗಲೀ ಬಚ್ಚಲೊಲೆಯ ಬೆಂಕಿಯಾಗಲೀ ಹತ್ತಿರ ಬೇಡ. ಪೈಪಿನಿಂದ ಇಳಿದ ಪೆಟ್ರೋಲನ್ನು ಮುಚ್ಚಳವಿರುವ ಡಬ್ಬಿಗೆ ಹಿಡಿಯಿರಿ, ಚರಂಡಿಗೆ ಚೆಲ್ಲದಿರಿ. ಕೊನೆಯಲ್ಲಿ ಇಂಜಿನ್ ಚಾಲೂ ಮಾಡುವ ಮುನ್ನ ಪಂಪನ್ನು ಮಾತ್ರ ಓಡಿಸಿ, ಪ್ರತಿ ಕೀಲೂ ಒಣಗಿದೆಯೇ ಎಂದು ನೋಡಲಿ.

ವಿದ್ಯಾರ್ಥಿಗಳಲ್ಲಿ ಒಂದು ವಿನಂತಿ. ಮುಂಗಾರಿಗೆ ಮೊದಲು ನಿಮ್ಮೂರಿನ ಹಳೆಯ ವಾಹನಗಳು ನಿಲ್ಲುವ ಜಾಗಗಳಲ್ಲಿ ರಾತ್ರಿ ರಟ್ಟಿನ ತುಂಡೊಂದನ್ನು ಹಾಸಿ, ಬೆಳಿಗ್ಗೆ ಕಲೆಯಿದೆಯೇ, ವಾಸನೆಯಿದೆಯೇ ಪರೀಕ್ಷಿಸಿರಿ. ಹಿರಿಯರಲ್ಲಿಯೂ ಒಂದು ವಿನಂತಿ. ಮೈಲುತುತ್ತ, ಗೊಬ್ಬರ ಸಾಗಿಸಿದ ದಿನವೇ ಡಿಕ್ಕಿಯನ್ನು ಒರೆಸಿ, ಬಾವಿಯಿಂದ ದೂರದಲ್ಲಿ ಕಾರಿನ ತಳವನ್ನು ತೊಳೆಯಿರಿ. ನಮ್ಮ ಇಳಿಜಾರಿನಲ್ಲಿ ಮೇಲಿನ ಮನೆಯ ಅಂಗಳದ ನೀರೇ ಕೆಳಗಿನ ಮನೆಯ ಬಾವಿಗೆ ಇಳಿಯುತ್ತದೆ. ನನ್ನ ಕಾರಿನ ತುಕ್ಕು ಕೇವಲ ನನ್ನ ಸ್ವಂತ ವಿಷಯವೆಂದು ನಾನು ತಿಳಿದದ್ದು ತಪ್ಪಾಗಿತ್ತು.