ತಿರುಗುವ ಮರ, ನಿಂತ ಉಳಿ

ಸೊರಬ ತಾಲ್ಲೂಕಿನ ಆನವಟ್ಟಿಯ ಹತ್ತಿರ ಕುಬಟೂರು ಅಂತ ಒಂದು ಊರಿದೆ. ಅಲ್ಲಿ ಕೈಟಭೇಶ್ವರ ದೇವಸ್ಥಾನ ಇದೆ. ಶಿಕಾರಿಪುರ ಕಡೆಯ ಮಕ್ಕಳಿಗೆ ಬಳ್ಳಿಗಾವಿಯ ಕೇದಾರೇಶ್ವರ ಹತ್ತಿರವಾಗುತ್ತದೆ. ಎರಡೂ 900 ವರ್ಷಕ್ಕಿಂತ ಹಳೆಯ ಗುಡಿಗಳು. ಶಾಲೆಯಿಂದ ಪ್ರವಾಸ ಹೋದಾಗ ಎಲ್ಲರೂ ಶಿಖರ ನೋಡುತ್ತಾರೆ, ಫೋಟೊ ತೆಗೆಸಿಕೊಳ್ಳುತ್ತಾರೆ. ನೀವು ಮಾತ್ರ ಸದ್ದಿಲ್ಲದೆ ಮಂಟಪದೊಳಗೆ ಹೋಗಿ ಒಂದು ಕಂಬದ ಮುಂದೆ ನಿಂತುಕೊಳ್ಳಿ.

ಕಂಬದ ನಡುಭಾಗ ಎಷ್ಟು ದುಂಡಗಿದೆ ನೋಡಿ. ಒಂದರ ಕೆಳಗೊಂದು ಉಬ್ಬು, ತಗ್ಗು, ಮತ್ತೆ ಉಬ್ಬು. ಒಂದು ಗೆರೆಯ ಮೇಲೆ ಕಣ್ಣಿಟ್ಟು ಕಂಬವನ್ನು ಒಂದು ಸುತ್ತು ಹಾಕಿ. ಹೊರಟ ಜಾಗಕ್ಕೇ ಬಂದು ಸೇರುತ್ತೀರಿ, ಗೆರೆ ಎಲ್ಲೂ ಮೇಲೇರಿಲ್ಲ, ಕೆಳಗಿಳಿದಿಲ್ಲ. ಬರೀ ಉಳಿ, ಸುತ್ತಿಗೆ ಹಿಡಿದು ಕಲ್ಲನ್ನು ಇಷ್ಟು ದುಂಡಗೆ ಮಾಡಲು ಆಗುತ್ತದೆಯೇ? ಬಹಳ ಕಷ್ಟ. ಇಂಥ ಕಂಬಗಳನ್ನು ತಿರುಗಣಿಯಲ್ಲಿ ಕಡೆದಿದ್ದಾರೆ ಎನ್ನುತ್ತಾರೆ ಇತಿಹಾಸ ಬಲ್ಲವರು. ಬಳಪದ ಕಲ್ಲು ಮೆತ್ತಗಿನ ಜಾತಿಯದು, ಹಾಗಾಗಿ ಅಂಥ ಕೆಲಸಕ್ಕೆ ಒಗ್ಗುತ್ತದೆ. ನಿಮ್ಮ ಅಜ್ಜ ಅಜ್ಜಿ ಸ್ಲೇಟಿನ ಮೇಲೆ ಬರೆಯುತ್ತಿದ್ದ ಬಳಪ ಕೂಡ ಅದೇ ಜಾತಿಯ ಕಲ್ಲಿನದು.

ತಿರುಗಣಿ ಅಂದರೆ ಏನು? ಇದನ್ನು ಅರ್ಥ ಮಾಡಿಕೊಳ್ಳಲು ಅಡುಗೆಮನೆಗೆ ಹೋಗೋಣ. ಹಳ್ಳಿಮನೆಗಳಲ್ಲಿ ಮಜ್ಜಿಗೆ ಕಡೆಯುವುದನ್ನು ನೀವು ನೋಡಿರಬಹುದು. ಉದ್ದನೆಯ ಕಡೆಗೋಲನ್ನು ಕಂಬಕ್ಕೆ ಆನಿಸಿ ನಿಲ್ಲಿಸಿರುತ್ತಾರೆ. ಅದಕ್ಕೆ ಹಗ್ಗ ಸುತ್ತಿರುತ್ತಾರೆ. ಹಗ್ಗದ ಒಂದು ತುದಿ ಎಳೆದರೆ ಕೋಲು ಈ ಕಡೆ ತಿರುಗುತ್ತದೆ, ಇನ್ನೊಂದು ತುದಿ ಎಳೆದರೆ ಆ ಕಡೆ ತಿರುಗುತ್ತದೆ. ಕೋಲು ತಿರುಗುತ್ತದೆಯೇ ಹೊರತು ಜಾಗ ಬಿಟ್ಟು ಹೋಗುವುದಿಲ್ಲ. ಈಗ ಆ ಕಡೆಗೋಲನ್ನು ಮನಸ್ಸಿನಲ್ಲೇ ನೆಲಕ್ಕೆ ಮಲಗಿಸಿ. ಎರಡು ತುದಿಗೂ ಒಂದೊಂದು ಮೊಳೆ ಚುಚ್ಚಿ ಹಿಡಿದಿದೆ ಅಂದುಕೊಳ್ಳಿ. ಒಬ್ಬರು ಹಗ್ಗ ಎಳೆಯುತ್ತಿದ್ದಾರೆ, ಇನ್ನೊಬ್ಬರು ತಿರುಗುವ ಕೋಲಿಗೆ ಉಳಿಯ ಮೊನೆ ತಾಗಿಸುತ್ತಿದ್ದಾರೆ. ಅಷ್ಟೇ, ನಿಮ್ಮ ತಿರುಗಣಿ ಸಿದ್ಧವಾಯಿತು!

ಈಜಿಪ್ಟಿನಲ್ಲಿ ಪೆಟೊಸಿರಿಸ್ ಎಂಬ ಪುರೋಹಿತನ ಸಮಾಧಿಯ ಗೋಡೆಯಲ್ಲಿ ಇದೇ ಕೆಲಸದ ಚಿತ್ರ ಕೆತ್ತಿದ್ದಾರೆ. ಒಬ್ಬ ಹಗ್ಗ ಎಳೆಯುತ್ತಾನೆ, ಇನ್ನೊಬ್ಬ ಉಳಿ ಹಿಡಿದಿದ್ದಾನೆ. ಆ ಚಿತ್ರಕ್ಕೆ ಸುಮಾರು 2300 ವರ್ಷ. ಹಗ್ಗದ ತಿರುಗಣಿಯಲ್ಲಿ ಮರ ಅತ್ತಿತ್ತ ತಿರುಗುತ್ತದಲ್ಲ, ಹಾಗಾಗಿ ಮರ ತನ್ನ ಕಡೆ ಬರುವಾಗ ಮಾತ್ರ ಕೆಲಸಗಾರ ಉಳಿ ತಾಗಿಸುತ್ತಾನೆ. ಆಚೆ ಹೋಗುವಾಗ ಸ್ವಲ್ಪ ಹಿಂದೆ ಎಳೆದುಕೊಳ್ಳುತ್ತಾನೆ. ಈಗ ಮೋಟಾರ್ ಬಂದಿದೆ, ಒಂದೇ ಕಡೆ ತಿರುಗಿಸುತ್ತದೆ. ನಮ್ಮ ಬಡಗಿಗಳು ಇದನ್ನು ಲೇತ್ ಎನ್ನುತ್ತಾರೆ. ಮಂಚದ ಕಾಲು, ತೊಟ್ಟಿಲಿನ ಗುಂಡು, ಲಟ್ಟಣಿಗೆ, ಬುಗುರಿ ಎಲ್ಲ ಅದರಲ್ಲೇ ಆಗುವುದು.

ಇನ್ನು ಗುಟ್ಟಿನ ವಿಷಯಕ್ಕೆ ಬರೋಣ. ಚೌಕ ಮರ ಲೇತಿಗೆ ಹತ್ತಿ ದುಂಡಗಾಗಿ ಇಳಿಯುವುದು ಹೇಗೆ? ಎರಡು ಮೊಳೆಗಳ ನಡುವೆ ಕಣ್ಣಿಗೆ ಕಾಣದ ಒಂದು ಗೆರೆ ಇದೆ. ಅದೇ ಅಕ್ಷ. ಮರ ಅದರ ಸುತ್ತ ತಿರುಗುತ್ತದೆ. ಉಳಿ ಮಾತ್ರ ಒಂದು ಆಸರೆಯ ಮೇಲೆ ಅಲುಗಾಡದೆ ಕೂತಿರುತ್ತದೆ. ಅಕ್ಷದಿಂದ ಉಳಿಯ ಮೊನೆ ಎರಡು ಸೆಂಟಿಮೀಟರ್ ದೂರ ಇದೆ ಅನ್ನಿ. ಆ ದೂರಕ್ಕಿಂತ ಆಚೆ ಚಾಚಿಕೊಂಡ ಮರವೆಲ್ಲ ಮೊನೆಗೆ ತಾಗಿ ಸಿಪ್ಪೆಯಾಗಿ ಉದುರುತ್ತದೆ. ಕೊನೆಗೆ ಉಳಿಯುವುದು ಅಕ್ಷದಿಂದ ಎಲ್ಲ ಕಡೆಗೂ ಎರಡೇ ಸೆಂಟಿಮೀಟರ್ ಇರುವ ಮರ. ನಡುವಿನಿಂದ ಎಲ್ಲ ಕಡೆಗೂ ಒಂದೇ ದೂರ ಇದ್ದರೆ ಅದು ವೃತ್ತ ತಾನೆ? ದುಂಡಗೆ ಮಾಡಬೇಕೆಂದು ಕೈ ಒದ್ದಾಡಬೇಕಾಗಿಲ್ಲ, ಕದಲದೆ ಇದ್ದರೆ ಸಾಕು.

ಇದನ್ನು ಮನೆಯಲ್ಲೇ ಪರೀಕ್ಷೆ ಮಾಡಬಹುದು. ದಪ್ಪ ರಟ್ಟಿನ ಅಂಚಿನಲ್ಲಿ ಲಟ್ಟಣಿಗೆ ಬಿಗಿಯಾಗಿ ಕೂರುವಷ್ಟು ಅಗಲದ ಒಂದು ಸೀಳು ಕತ್ತರಿಸಿ. ಲಟ್ಟಣಿಗೆಯ ನಡುವನ್ನು ಅದರೊಳಗೆ ಇಟ್ಟು ನಿಧಾನವಾಗಿ ತಿರುಗಿಸಿ. ಎಲ್ಲ ಕಡೆಯೂ ಒಂದೇ ಬಿಗಿ ಇದ್ದರೆ ಅದು ಪೂರ್ತಿ ದುಂಡು. ಆಮೇಲೆ ಹಿತ್ತಲಿನ ಒಂದು ಕೊಂಬೆಗೂ ಹೀಗೇ ಮಾಡಿ ನೋಡಿ. ಕೊಂಬೆ ಒಂದು ಕಡೆ ಸಡಿಲವಾಗಿ, ಇನ್ನೊಂದು ಕಡೆ ಸಿಕ್ಕಿಕೊಳ್ಳುವುದೇ ಹೆಚ್ಚು.

ಕೆಲವು ಹಳೆಯ ಲಟ್ಟಣಿಗೆಗಳೂ ಸಿಕ್ಕಿಕೊಳ್ಳಬಹುದು. ಅದು ಕಡೆದವರ ತಪ್ಪೇ ಆಗಬೇಕಿಲ್ಲ. ಹಸಿ ಮರದೊಳಗೆ ತುಂಬ ನೀರಿರುತ್ತದೆ. ಒಣಗಿದಾಗ ಮರ ಕುಗ್ಗುತ್ತದೆ, ಆದರೆ ಎಲ್ಲ ಕಡೆ ಒಂದೇ ಸಮ ಕುಗ್ಗುವುದಿಲ್ಲ. ಕಡಿದ ದಿಮ್ಮಿಯ ತುದಿಯಲ್ಲಿ ಸುತ್ತು ಸುತ್ತಾದ ಉಂಗುರಗಳು ಕಾಣುತ್ತವಲ್ಲ, ಆ ಉಂಗುರದ ಸುತ್ತಿನಲ್ಲಿ ಆಗುವ ಕುಗ್ಗುವಿಕೆ ನಡುವಿನಿಂದ ಹೊರಕ್ಕೆ ಆಗುವುದರ ಸುಮಾರು ಎರಡರಷ್ಟು. ಉದ್ದಕ್ಕಂತೂ ಕುಗ್ಗುವುದು ತೀರಾ ಕಡಿಮೆ. ಹಾಗಾಗಿ ಹಸಿ ಮರದಲ್ಲಿ ದುಂಡಗೆ ಕಡೆದ ಬಟ್ಟಲು ಒಣಗಿದ ಮೇಲೆ ಮೊಟ್ಟೆಯಾಕಾರಕ್ಕೆ ತಿರುಗುತ್ತದೆ, ಕೆಲವು ಸಲ ಸೀಳಿಯೂ ಹೋಗುತ್ತದೆ. ಒಳ್ಳೆಯ ಬಡಗಿ ಮರವನ್ನು ನೆರಳಲ್ಲಿ ಗಾಳಿಯಾಡುವಂತೆ ಜೋಡಿಸಿ, ತಿಂಗಳುಗಟ್ಟಲೆ ಕಾಯುವುದು ಇದಕ್ಕೇ.

ಚನ್ನಪಟ್ಟಣದ ಬೊಂಬೆಗಳು ಗೊತ್ತಲ್ಲ? ಅವೂ ಲೇತಿನ ಮಕ್ಕಳೇ. ಹಾಲೆ ಮರ ಬಿಳುಪು, ಮೆದು. ಬೊಂಬೆ ಕಡೆದಾದ ಮೇಲೆ, ಅದು ತಿರುಗುತ್ತಿರುವಾಗಲೇ ಬಣ್ಣದ ಅರಗಿನ ಕಡ್ಡಿಯನ್ನು ಒತ್ತುತ್ತಾರೆ. ಉಜ್ಜಿದರೆ ಬಿಸಿಯಾಗುತ್ತದಲ್ಲವೇ, ಆ ಬಿಸಿಗೆ ಅರಗು ಕರಗಿ ಮರಕ್ಕೆ ಹತ್ತುತ್ತದೆ. ಆಮೇಲೆ ಕೇದಗೆ ಜಾತಿಯ ಒಣಗರಿಯಿಂದ ಒತ್ತಿ ಹೊಳಪು ಕೊಡುತ್ತಾರೆ. ಒಲೆ ಬೇಡ, ಕುಂಚ ಬೇಡ. ನನಗಂತೂ ಬೊಂಬೆಗಿಂತ ಈ ಉಪಾಯವೇ ಹೆಚ್ಚು ಇಷ್ಟ.

ಇಷ್ಟೆಲ್ಲ ಆಗಬೇಕಾದರೆ ಉಳಿ ಹರಿತವಾಗಿರಬೇಕು. ಹರಿತ ಅಂದರೆ ಏನು? ಉಕ್ಕಿನ ಎರಡು ಮೈ ಬಂದು ಒಂದು ಗೆರೆಯಲ್ಲಿ ಕೂಡುವುದು, ಅಷ್ಟೇ. ಆ ಗೆರೆ ಎಷ್ಟು ಸಣ್ಣಗಿದ್ದರೆ ಅಷ್ಟು ಹರಿತ. ನಿಮ್ಮ ಕೈಯ ಬಲವೆಲ್ಲ ಅಷ್ಟೇ ಜಾಗದ ಮೇಲೆ ಬೀಳುವುದರಿಂದ ಮರ ಸಲೀಸಾಗಿ ಬಿಡುತ್ತದೆ. ಕೆಲಸ ಮಾಡಿದ ಹಾಗೆಲ್ಲ ಆ ಗೆರೆ ಸವೆದು ದುಂಡಗಾಗುತ್ತದೆ. ಮರ ದುಂಡಗಾಗಬೇಕು, ಉಳಿಯ ಬಾಯಿ ಆಗಬಾರದು!

ಮೊಂಡಾಗಿದೆಯೇ ಎಂದು ತಿಳಿಯಲು ಬೆರಳು ಇಟ್ಟು ನೋಡಬೇಡಿ. ಉಳಿಯ ಬಾಯನ್ನು ಬೆಳಕಿಗೆ ಹಿಡಿಯಿರಿ. ಅಂಚಿನಲ್ಲಿ ಬಿಳಿ ಗೆರೆ ಮಿಂಚಿದರೆ ಅದು ಸವೆದ ಜಾಗ, ಬೆಳಕು ಅಲ್ಲಿ ತಾಗಿ ನಿಮ್ಮ ಕಣ್ಣಿಗೆ ಬರುತ್ತಿದೆ. ಹರಿತವಾದ ಅಂಚಿನಲ್ಲಿ ಬೆಳಕು ನಿಲ್ಲಲು ಜಾಗವೇ ಇರುವುದಿಲ್ಲ.

ಮಸೆಗಲ್ಲಿಗೆ ನೀರು ಹನಿಸಿ, ಉಳಿಯ ಇಳಿಜಾರು ಮೈ ಪೂರ್ತಿ ಕೂರುವಂತೆ ಇಟ್ಟು, ಅದೇ ಓರೆಯಲ್ಲಿ ಮಸೆಯಬೇಕು. ನೀರು ಕಲ್ಲಿನ ಪುಡಿಯನ್ನೂ ಉಕ್ಕಿನ ಪುಡಿಯನ್ನೂ ಎತ್ತಿ ಹೊರಹಾಕುತ್ತದೆ. ಸ್ವಲ್ಪ ಹೊತ್ತಿಗೆ ಅಂಚಿನ ಹಿಂಬದಿಗೆ ಉಕ್ಕಿನ ತೆಳು ಎಳೆಯೊಂದು ಮಡಚಿಕೊಳ್ಳುತ್ತದೆ. ಹಿಂಬದಿಯನ್ನು ಕಲ್ಲಿನ ಮೇಲೆ ಮಟ್ಟಸವಾಗಿ ಇಟ್ಟು ಒಂದೆರಡು ಸಲ ಉಜ್ಜಿದರೆ ಅದು ಹೋಗುತ್ತದೆ. ಸಾಣೆ ಚಕ್ರಕ್ಕೆ ಹಿಡಿದರೆ ಮಾತ್ರ ಆಗಾಗ ನೀರಿಗೆ ಅದ್ದಬೇಕು. ಬಿಸಿಗೆ ಅಂಚು ನೀಲಿಗಟ್ಟಿತೋ, ಸಾಧಾರಣ ಉಳಿಯ ಉಕ್ಕು ತನ್ನ ಗಟ್ಟಿತನ ಕಳೆದುಕೊಂಡಿತು ಅಂತಲೇ ಅರ್ಥ.

ಸೊರಬ, ಸಾಗರದ ಗುಡಿಗಾರರು ಲೇತಿನವರಲ್ಲ, ಶ್ರೀಗಂಧದಲ್ಲಿ ಕೆತ್ತನೆ ಮಾಡುವವರು. ಅವರ ಉಳಿಗಳಲ್ಲಿ ಅತಿ ಸಣ್ಣವೂ ಇವೆ. ಗಂಧದ ಮರ ಒತ್ತಾದ ಎಳೆಯದು, ಒಂದು ಎಲೆಯ ನರವನ್ನೂ ಅದರಲ್ಲಿ ಬಿಡಿಸಬಹುದು. ಆದರೆ ಮೊಂಡು ಉಳಿ ತಾಗಿದರೆ ಆ ನರವೇ ಕಿತ್ತು ಬರುತ್ತದೆ. ದುಬಾರಿ ಮರ ಬೇರೆ!

ನಮ್ಮ ಕಡೆಯ ಮಳೆಗಾಲದಲ್ಲಿ ಇನ್ನೊಬ್ಬ ಶತ್ರು ಇದ್ದಾನೆ, ತುಕ್ಕು. ಕಬ್ಬಿಣಕ್ಕೆ ನೀರೂ ಗಾಳಿಯಲ್ಲಿರುವ ಆಮ್ಲಜನಕವೂ ಒಟ್ಟಿಗೆ ಸಿಕ್ಕರೆ ತುಕ್ಕು ಹುಟ್ಟುತ್ತದೆ. ಕೈಬೆವರಿನ ಉಪ್ಪು ಅದಕ್ಕೆ ಇನ್ನಷ್ಟು ಅವಸರ ಕೊಡುತ್ತದೆ. ಕೆಲಸ ಮುಗಿದ ಮೇಲೆ ಉಳಿ ಒರೆಸಿ, ಎಣ್ಣೆ ಬಟ್ಟೆಯಿಂದ ತೆಳ್ಳಗೆ ಸವರಿಟ್ಟರೆ ನೀರಿಗೆ ಕಬ್ಬಿಣ ಸಿಗುವುದೇ ಇಲ್ಲ.

ಕಲಿಯುವ ಆಸೆ ಬಂತೇ? ಊರಿನ ಬಡಗಿ ಮಾಮನ ಹತ್ತಿರ ಹೋಗಿ ಕೇಳಿ. ಮೊದಲು ಮಸೆಯುವುದನ್ನೇ ಕಲಿಯಿರಿ. ಲೇತಿನ ಹತ್ತಿರ ದೊಡ್ಡವರಿಲ್ಲದೆ ಹೋಗಲೇಬೇಡಿ. ಸಡಿಲ ತೋಳಿನ ಅಂಗಿ, ಬಿಟ್ಟ ಜಡೆ, ದುಪಟ್ಟಾ ಯಾವುದೂ ಬೇಡ. ಕಣ್ಣಿಗೆ ಕನ್ನಡಕ ಇರಲಿ. ಹತ್ತು ಸೆಂಟಿಮೀಟರ್ ದಪ್ಪದ ಮರ ನಿಮಿಷಕ್ಕೆ 1000 ಸುತ್ತು ತಿರುಗಿದರೆ ಅದರ ಅಂಚು ಆ ಒಂದು ನಿಮಿಷದಲ್ಲಿ 300 ಮೀಟರಿಗೂ ಹೆಚ್ಚು ಓಡಿರುತ್ತದೆ, ನೆನಪಿರಲಿ.

ಮೊದಲ ಕೆಲಸಕ್ಕೆ ಬುಗುರಿಯೇ ಸರಿ. ಚೌಕ ತುಂಡಿನ ತುದಿಯಲ್ಲಿ ಮೂಲೆಯಿಂದ ಮೂಲೆಗೆ ಎರಡು ಗೆರೆ ಎಳೆಯಿರಿ, ಅವು ಕೂಡುವ ಜಾಗವೇ ನಡು. ಇನ್ನೊಂದು ತುದಿಗೂ ಹಾಗೇ ಮಾಡಿ ಲೇತಿಗೆ ಏರಿಸಿ. ಕಡೆದಾದ ಮೇಲೆ ಕೆಳಗಿನ ಮೊಳೆಯನ್ನು ಅದೇ ನಡುವಿನಲ್ಲಿ ನೆಟ್ಟಗೆ ಹೊಡೆಯಿರಿ. ಬುಗುರಿ ತೂರಾಡಿದರೆ ಮೊಳೆ ಅಕ್ಷ ಬಿಟ್ಟು ಸರಿದಿದೆ. ಕಿತ್ತು ಮತ್ತೆ ಹೊಡೆಯಿರಿ.