ನೆಲದಡಿಯ ಇಂಧನಕ್ಕೊಬ್ಬ ಪ್ರಾಧ್ಯಾಪಕ



ಪಾಶ್ಚಾತ್ಯ ವಿಶ್ವವಿದ್ಯಾನಿಲಯಗಳಲ್ಲಿ ಪೆಟ್ರೋಲಿಯಂ ಇಂಜಿನಿಯರಿಂಗ್ ಎಂಬ ಹೆಸರು ಹಿಂದೆ ಸರಿಯುತ್ತಿದೆ. ಸ್ಟ್ಯಾನ್‌ಫರ್ಡಿನ ಆ ವಿಭಾಗ 2006ರಲ್ಲೇ ಇಂಧನ ಸಂಪನ್ಮೂಲ ಇಂಜಿನಿಯರಿಂಗ್ ಎಂದು ಹೆಸರು ಬದಲಿಸಿಕೊಂಡಿತು. ತೈಲ ತೆಗೆಯುವ ವಿದ್ಯೆಯೊಡನೆ ಭೂಶಾಖದ ಬಳಕೆ, ಇಂಗಾಲದ ಡೈಆಕ್ಸೈಡನ್ನು ಶಿಲೆಯೊಳಗೆ ಹುದುಗಿಸುವುದು, ಜಲಜನಕದ ಸಂಗ್ರಹ ಇವೆಲ್ಲ ಸೇರಿ ಭೂಗರ್ಭ ಇಂಧನ ಇಂಜಿನಿಯರಿಂಗ್ ಎಂಬ ಹಿರಿಯ ಪ್ರಾಧ್ಯಾಪಕ ಪೀಠಗಳು ಹುಟ್ಟಿವೆ. ಬಂಟ್ವಾಳ, ಬೆಳ್ತಂಗಡಿ, ಮೂಡಬಿದಿರೆಯ ಕೃಷಿಕರಿಗೆ ಇದರಿಂದೇನು?

ಸಂಬಂಧ ಕಾಲಡಿಯಲ್ಲೇ ಇದೆ. ಮಂಗಳೂರಿನಿಂದ ಹಾಸನದ ಮಾರ್ಗವಾಗಿ ಬೆಂಗಳೂರಿಗೆ ಸಾಗುವ ತೈಲ ಕೊಳವೆಯು ಬಂಟ್ವಾಳದ ನೆಲದಡಿ ಹಾದು, ಬೆಳ್ತಂಗಡಿ ತಾಲೂಕಿನ ನೆರಿಯದಲ್ಲಿ ಮತ್ತೆ ಪಂಪಿನ ಒತ್ತಡ ಪಡೆದು ಘಟ್ಟವೇರುತ್ತದೆ. 2019ರ ಆಗಸ್ಟಿನಲ್ಲಿ ಚಾರ್ಮಾಡಿ ಘಾಟಿಯ ರಸ್ತೆಯನ್ನು ಮುಚ್ಚಿಸಿದ ಗುಡ್ಡ ಕುಸಿತ ಸಂಭವಿಸಿದ್ದೂ ಇದೇ ಘಟ್ಟಸಾಲಿನ ಇಳಿಜಾರುಗಳಲ್ಲಿ.

ಮೂಡಬಿದಿರೆಗೆ ಪಡುವಣದಲ್ಲಿ, ಮಂಗಳೂರು ಮತ್ತು ಪಾದೂರಿನ ಶಿಲಾಗುಹೆಗಳಲ್ಲಿ ದೇಶದ ತುರ್ತು ಬಳಕೆಯ ಕಚ್ಚಾತೈಲವಿದೆ. ಮಂಗಳೂರಿನದರ ಸಾಮರ್ಥ್ಯ 15 ಲಕ್ಷ ಟನ್, ಪಾದೂರಿನದು 25 ಲಕ್ಷ ಟನ್. ಈ ಗುಹೆಗಳಿಗೆ ಉಕ್ಕಿನ ಒಳಪದರವಿಲ್ಲ. ಬಂಡೆಯ ಬಿರುಕುಗಳಲ್ಲಿ ತುಂಬಿರುವ ನೀರಿನ ಒತ್ತಡವು ಗುಹೆಯೊಳಗಿನ ಒತ್ತಡಕ್ಕಿಂತ ಹೆಚ್ಚಿರುವವರೆಗೆ ಮಾತ್ರ ತೈಲ ಹೊರಗೆ ಸರಿಯದು. ಆದುದರಿಂದ ಗುಹೆಯ ಮೇಲ್ಗಡೆ ಸುರಂಗ ತೋಡಿ, ಅಲ್ಲಿಂದ ರಂಧ್ರಗಳನ್ನು ಕೊರೆದು ಬಂಡೆಗೆ ನೀರೂಡುತ್ತಾರೆ. ಇದಕ್ಕೆ ಜಲಪರದೆಯೆಂದು ಹೆಸರು. ಒಳಕ್ಕೆ ಜಿನುಗಿದ ನೀರನ್ನು ಮೇಲೆತ್ತಿ ಶುದ್ಧೀಕರಿಸಬೇಕಾಗುತ್ತದೆ. ಈ ಸೀಮೆಯ ಹಿರಿಯರು ಗುಡ್ಡದಿಂದ ನೀರು ಪಡೆಯಲು ಸುರಂಗ ತೋಡಿದರು; ಇಂಜಿನಿಯರರು ಗುಡ್ಡಕ್ಕೆ ನೀರು ಕೊಡಲು ತೋಡಿದ್ದಾರೆ!

ಅಂದರೆ ತೈಲದ ಭದ್ರತೆಗೂ ಅಡಿಕೆ ತೋಟಕ್ಕೂ ಆಧಾರ ಒಂದೇ, ಅಂತರ್ಜಲದ ಮಟ್ಟ. ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುವ ಈ ನೆಲದಲ್ಲಿ ಮುರಕಲ್ಲು ನೀರನ್ನು ಬೇಗನೆ ಬಿಟ್ಟುಕೊಡುತ್ತದೆ; ಪಗ್ಗು ತಿಂಗಳು ಬರುವಷ್ಟರಲ್ಲಿ ಎತ್ತರದ ಬಾವಿಗಳ ತಳ ಕಾಣುತ್ತದೆ.

ಸುರತ್ಕಲ್ಲಿನ ಎನ್‌ಐಟಿಕೆಯಲ್ಲಿ ಗಣಿ ಇಂಜಿನಿಯರಿಂಗ್ ವಿಭಾಗವೂ ಜಲಸಂಪನ್ಮೂಲ ವಿಭಾಗವೂ ಒಂದೇ ಆವರಣದಲ್ಲಿವೆ. ಮೂಡಬಿದಿರೆಯ ಮಿಜಾರಿನಲ್ಲೂ ಇಂಜಿನಿಯರಿಂಗ್ ಕಾಲೇಜುಗಳಿವೆ. ಭೂಗರ್ಭ ಇಂಧನದ ಹಿರಿಯ ಹುದ್ದೆಯೊಂದು ಈ ಕರಾವಳಿಯಲ್ಲಿ ಸೃಷ್ಟಿಯಾಗುವುದು ಅಸಂಭವವೇನಲ್ಲ, ಅನಪೇಕ್ಷಿತವೂ ಅಲ್ಲ. ಆದರೆ ಅದರ ವೇತನವನ್ನು ತೈಲೋದ್ಯಮವೇ ಭರಿಸಿ, ಕಂಪೆನಿಗಳಿಗೆ ಸಲಹೆ ನೀಡಿದ ಅನುಭವವೇ ಮುಖ್ಯ ಅರ್ಹತೆಯಾದರೆ, ಬಾವಿಯ ನೀರು ಇಳಿದಾಗ ಕೃಷಿಕನ ಪರ ಅಳೆದು ಹೇಳುವ ತಜ್ಞನೇ ಉಳಿಯುವುದಿಲ್ಲ. ಉದ್ಯಮದ ಅಳತೆಯನ್ನು ಉದ್ಯಮವೇ ಇಟ್ಟುಕೊಂಡರೆ ಅದನ್ನು ಪ್ರಶ್ನಿಸಲು ಪಂಚಾಯತಿನ ಬಳಿ ಏನಿದೆ?

ಹುದ್ದೆಯ ಪ್ರಕಟಣೆಯಲ್ಲೇ ಈ ಕರಾರು ಇರಬೇಕು: ಶಿಲಾಯಂತ್ರಶಾಸ್ತ್ರದಷ್ಟೇ ಅಂತರ್ಜಲ ವಿಜ್ಞಾನವೂ ಬಲ್ಲವರಾಗಿರತಕ್ಕದ್ದು; ಸುತ್ತಲಿನ ಗ್ರಾಮಗಳ ಬಾವಿಗಳ ಮಟ್ಟವನ್ನು ತಿಂಗಳು ತಿಂಗಳು ಅಳೆದು, ಗ್ರಾಮಸಭೆಯಲ್ಲಿ ಕನ್ನಡದಲ್ಲಿ ಓದಿಸತಕ್ಕದ್ದು. ಅಳತೆ ಗುಹೆ ಕೊರೆಯುವ ಮೊದಲೇ, ಕನಿಷ್ಠ ಎರಡು ಬೇಸಗೆ ಮುಂಚಿತವಾಗಿ ಆರಂಭವಾಗಬೇಕು. ಕೊರೆದ ಮೇಲೆ ತೆಗೆದ ಮೊದಲ ಅಳತೆಯಿಂದ, ಬಾವಿ ಹಿಂದೆ ಹೇಗಿತ್ತೆಂದು ಯಾರೂ ತೋರಿಸಿಕೊಡಲಾರರು.